ಸಿಂಗಳೀಕ ಬೇಕಾದರೆ ನೆಲ ನೋಡಿ

ಸಿಂಗಳೀಕ, ಅಂದರೆ ಸಿಂಹದಂಥ ಬಾಲದ ಕೋತಿ, ಎಲ್ಲಿ ಸಿಗುತ್ತೆ ಅಂತ ಕೇಳುವವರು ಜಾಸ್ತಿ. ಶಿರಸಿ–ಹೊನ್ನಾವರ ಘಟ್ಟದ ಕಾನುಗಳಲ್ಲಿ ಅವುಗಳ ಗುಂಪು ಹುಡುಕಿ ಎಣಿಸುವ ಕೆಲಸ ನನ್ನದು. ನಾನು ಹೇಳುವುದಿಷ್ಟೇ: ಮೊದಲು ನೆಲ ನೋಡಿ. ಕತ್ತಲು ಕವಿದಂಥ ಕಾಡು, ಕಪ್ಪು ಮೈಯ ಪ್ರಾಣಿ, ಗಂಡೇ ಹತ್ತು ಕೆಜಿ ದಾಟುವುದು ಅಪರೂಪ. ಸುಮ್ನೆ ಮೇಲೆ ನೋಡುತ್ತಾ ನಿಂತರೆ ಕತ್ತು ನೋವು ಬರುತ್ತದೆ ಅಷ್ಟೆ, ಉಂಬಳ (ಜಿಗಣೆ) ಬೇರೆ ಕಾಲಿಗೆ ಹತ್ತುತ್ತದೆ.

ಮಳೆಗಾಲದಲ್ಲಿ ಉಪ್ಪಾಗೆ ಮರದ ಬುಡ ನೋಡುತ್ತೇನೆ. ಹುಳಿ ಸಿಪ್ಪೆಯ ಕಾಡುಹಣ್ಣು ಅದು, ಸಿಪ್ಪೆ ಒಣಗಿಸಿ ಮಾರುತ್ತಾರೆ. ಬೀಜ ಚೀಪಿ ಎಸೆದ ಹಣ್ಣು ಬಿದ್ದಿರುತ್ತದೆ. ಸಿಪ್ಪೆ ಎತ್ತಿ ಕಚ್ಚಿದ ಜಾಗ ಮುಟ್ಟಿದಾಗ ಹಳದಿ ಮೇಣ ಇನ್ನೂ ಬೆರಳಿಗೆ ಅಂಟಿದರೆ ಗುಂಪು ದೂರ ಹೋಗಿಲ್ಲ ಅಂತಲೇ ಲೆಕ್ಕ.

ಸಿಕ್ಕ ಮೇಲೆ ಎಣಿಸುವುದು ಇನ್ನೊಂದು ರಗಳೆ. ತಿನ್ನುವಾಗ ಎಣಿಸಲು ಆಗುವುದೇ ಇಲ್ಲ, ಒಂದು ತೊಗಟೆ ಕೆದಕಿ ಹುಳ ಹುಡುಕುತ್ತಿರುತ್ತದೆ, ಇನ್ನೊಂದು ಎಲೆಯ ಹಿಂದೆ ಕೂತಿರುತ್ತದೆ. ಅದಕ್ಕೇ ನಾನು ಅವು ಹೋಗುವ ದಿಕ್ಕು ನೋಡಿ, ಮರಗಳ ನಡುವೆ ಸಂದು ಇರುವ ಕಡೆ ಮುಂಚೆಯೇ ಹೋಗಿ ನಿಲ್ಲುತ್ತೇನೆ. ಒಂದೊಂದೇ ಜಿಗಿಯುತ್ತವೆ. ಬಾಲದ ತುದಿಯ ಕುಚ್ಚು ದೊಡ್ಡದಿದ್ದರೆ ದೊಡ್ಡ ಗಂಡು, ಸಾಮಾನ್ಯವಾಗಿ ಗುಂಪಿಗೆ ಒಂದೇ. ತಾಯಿಯ ಹೊಟ್ಟೆಯನ್ನು ಎರಡು ಸಲ ನೋಡಬೇಕು, ಎಳೆ ಮರಿಗೆ ಮುಖದ ಸುತ್ತ ಆ ಬೂದು ಕೇಸರ ಇನ್ನೂ ಬಂದಿರುವುದಿಲ್ಲ, ತಾಯಿಯ ಕಪ್ಪಿನಲ್ಲೇ ಅಡಗಿಬಿಡುತ್ತದೆ.

ಮರಿ ಲೆಕ್ಕ ತಪ್ಪಬಾರದು ಯಾಕೆಂದರೆ ಹೆಣ್ಣು ಮೊದಲ ಸಲ ಹೆರುವುದೇ ಆರು ವರ್ಷ ದಾಟಿದ ಮೇಲೆ. ಮುಂದಿನದಕ್ಕೆ ಹೆಚ್ಚುಕಡಿಮೆ ಎರಡೂವರೆ ವರ್ಷ ಕಾಯಬೇಕು. ಅಂಥದ್ದಕ್ಕೆ ಊಟದಲ್ಲೂ ನಾವೇ ಪೈಪೋಟಿ. ಉಪ್ಪಾಗೆ ಸಿಪ್ಪೆಗೆ ರೇಟು ಬಂದರೆ ಹಣ್ಣಾಗುವ ತನಕ ಯಾರು ಕಾಯುತ್ತಾರೆ, ಕೊಂಬೆ ಸಮೇತ ಕಡಿಯುವವರೂ ಇದ್ದಾರೆ, ಒಣಗಿಸಲು ಸುಡುವ ಸೌದೆಯೂ ಕಾಡಿನದ್ದೇ. 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಿಂಗಳೀಕ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು, ಒಳ್ಳೆಯದೇ ಆಯಿತು. ಆದರೆ ಕೊಯ್ಯುವವನಿಗೆ ಮರದ ಬುಡದಲ್ಲೇ ನಿಂತು ಹೇಳಬೇಕು. ಹಣ್ಣಾದದ್ದನ್ನೇ ಕೊಯ್ಯಿ, ತುದಿಯದ್ದು ಬಿಡು ಅಂದರೆ ನಮ್ಮ ಕಡೆ ಕೆಲವರು ಕೇಳುತ್ತಾರೆ, ಕೆಲವರು ನಗುತ್ತಾರೆ.

ಅವು ದಾಟುವ ಸಂದುಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ತಮಿಳುನಾಡಿನ ವಾಲ್ಪಾರೈ ಹತ್ತಿರ ಪುದುತೋಟ್ಟಂನಲ್ಲಿ ಕಾಡು ತುಂಡಾಗಿ ಸಿಂಗಳೀಕ ರಸ್ತೆಗೇ ಇಳಿದು, ಕೊನೆಗೆ ಮರದಿಂದ ಮರಕ್ಕೆ ಸೇತುವೆ ಕಟ್ಟಬೇಕಾಯಿತು. ಇಲ್ಲಿ ರಸ್ತೆಯ ಮೇಲೆ ಕೊಂಬೆಗಳು ಇನ್ನೂ ಕೂಡಿಕೊಂಡಿವೆ. ಅಗಲ ಮಾಡುತ್ತೇವೆ ಅಂತ ಯಾರಾದರೂ ಅಳತೆ ಟೇಪು ಹಿಡಿದು ಬಂದರೆ ಆ ಪಟ್ಟಿಯ ಒಂದು ಜೆರಾಕ್ಸ್ ಕೊಟ್ಟು ಕಳಿಸುತ್ತೇನೆ.