ಸ್ಪ್ಯಾಮ್ ರಾಶಿಯಲ್ಲಿ 11 ದಿನ ಕೂತಿದ್ದ ಬಗ್ ರಿಪೋರ್ಟ್

ನಮ್ಮ ಸಾಫ್ಟ್‌ವೇರ್‌ನಲ್ಲಿ ಒಂದು ಬಗ್, ಅಂದರೆ ತಪ್ಪು, ಇದೆ ಅಂತ ಯಾರೋ ಕಳಿಸಿದ ಆ ರಿಪೋರ್ಟ್ ಬಂದು 11 ದಿನ ಆಗಿತ್ತು. ನಾನೇ ಬರೆದ ಫಿಲ್ಟರ್ ಅದನ್ನು ಸ್ಪ್ಯಾಮ್ ಅಂದುಕೊಂಡು ಪಕ್ಕಕ್ಕೆ ತಳ್ಳಿಬಿಟ್ಟಿತ್ತು. ಅದೇ ದಿನ ತೆರೆದ ಅಕೌಂಟ್, ಮೂರು ಲಿಂಕ್, ಮೇಲೆ ‘ದಯವಿಟ್ಟು ಬೇಗ ನೋಡಿ’ ಅನ್ನುವ ಸಾಲು ಬೇರೆ. ಇನ್ನೇನೋ ಹುಡುಕುತ್ತಾ ಆ ರಾಶಿಗೆ ಹೋದವನು ಸುಮ್ನೆ ತೆರೆದು ನೋಡಿದೆ. ಆ ವರ್ಷ ನಮಗೆ ಬಂದ ರಿಪೋರ್ಟ್‌ಗಳಲ್ಲಿ ಅಷ್ಟು ಚೆನ್ನಾಗಿ ಬರೆದದ್ದು ಇನ್ನೊಂದಿಲ್ಲ.

ನಮ್ಮದು ಸಣ್ಣ ಓಪನ್ ಸೋರ್ಸ್ ಲೈಬ್ರರಿ, ಅಂದರೆ ಬೇರೆಯವರು ತಮ್ಮ ಪ್ರೋಗ್ರಾಂನಲ್ಲಿ ಸೇರಿಸಿಕೊಳ್ಳಲು ಎಲ್ಲರಿಗೂ ತೆರೆದಿಟ್ಟ ಕೋಡ್. ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಕಾಲಮ್ ಬೇರೆ ಮಾಡಿದ ಪಟ್ಟಿ) ಓದುವುದು, ಬರೆಯುವುದು, ಅಷ್ಟೇ ಅದರ ಕೆಲಸ. ನಡೆಸುವವರು ನಾಲ್ಕು ಜನ, ಎಲ್ಲರೂ ಆಫೀಸ್ ಕೆಲಸ ಮುಗಿಸಿ ಬಿಡುವಿನಲ್ಲಿ ಕೂರುವವರು. ಬಗ್ ರಿಪೋರ್ಟ್ ವಿಂಗಡಿಸುವುದು, ಸ್ಪ್ಯಾಮ್ ಎತ್ತಿ ಹಾಕುವುದು, ಎರಡೂ ನನ್ನ ಪಾಲಿಗೆ ಬಂದಿವೆ. ಇವೆರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ ಅಂತಲೇ ಬಹಳ ದಿನ ಅಂದುಕೊಂಡಿದ್ದೆ.

ಮೊದಲು ಬಗ್ ವಿಷಯ. ನಮಗೆ ಬರುವುದರಲ್ಲಿ ಜಾಸ್ತಿ ‘ಕೆಲಸ ಮಾಡುತ್ತಿಲ್ಲ’ ಅನ್ನುವ ಒಂದೇ ಸಾಲಿನವು. ಬರೆದವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ. ಅವರ ಕೆಲಸ ನಿಂತಿದೆ, ತೋಚಿದ್ದನ್ನು ಬರೆದಿದ್ದಾರೆ. ಒಬ್ಬರು ಹೀಗೆ ಬರೆದಿದ್ದರು: ಫೈಲಿನಲ್ಲಿ ‘ಐಡಿ’ ಅನ್ನುವ ಕಾಲಮ್ ಇದೆ, ಆದರೆ ನಿಮ್ಮ ಲೈಬ್ರರಿ ಇಲ್ಲ ಅನ್ನುತ್ತಿದೆ. ಜೊತೆಗೆ ಒಂದು ಸ್ಕ್ರೀನ್‌ಶಾಟ್. ಅದರಲ್ಲಿ ಐಡಿ ಎದ್ದು ಕಾಣುತ್ತಿತ್ತು. ಅವರು ಬರೆದ ಸಾಲುಗಳನ್ನೇ ಕಾಪಿ ಮಾಡಿ ನನ್ನ ಮಷಿನ್‌ನಲ್ಲಿ ಓಡಿಸಿದೆ, ಎಲ್ಲ ಸರಿ ಇತ್ತು. ‘ನನಗೆ ಈ ತೊಂದರೆ ಬರುತ್ತಿಲ್ಲ’ ಅಂತ ಬರೆದು ಮುಚ್ಚುವುದರಲ್ಲಿದ್ದೆ. ಕೊನೆಗೆ ಒಂದು ಮಾತು ಕೇಳಿದೆ: ಆ ಫೈಲನ್ನೇ ಕಳಿಸುತ್ತೀರಾ, ಮತ್ತೆ ತೆರೆದು ಸೇವ್ ಮಾಡದೆ, ಇದ್ದ ಹಾಗೇ?

ಫೈಲ್ ಬಂತು. ಹೆಕ್ಸ್ ಡಂಪ್, ಅಂದರೆ ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಪಟ್ಟಿ, ತೆಗೆದು ನೋಡಿದರೆ ಮೊದಲ ಮೂರು ಬೈಟ್ ಇಎಫ್, ಬಿಬಿ, ಬಿಎಫ್. ಬೈಟ್ ಆರ್ಡರ್ ಮಾರ್ಕ್ ಅನ್ನುತ್ತಾರೆ ಅದಕ್ಕೆ. ಎಕ್ಸೆಲ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಆರಿಸಿ ಸೇವ್ ಮಾಡಿದರೆ ಈ ಮೂರು ಬೈಟ್ ಫೈಲಿನ ತಲೆಗೆ ಸೇರಿಕೊಳ್ಳುತ್ತವೆ. ಪರದೆ ಮೇಲೆ ಕಾಣುವುದಿಲ್ಲ, ಸ್ಕ್ರೀನ್‌ಶಾಟ್‌ನಲ್ಲೂ ಕಾಣುವುದಿಲ್ಲ, ಸಾಲು ಕಾಪಿ ಮಾಡಿದರೆ ಸಾಮಾನ್ಯವಾಗಿ ಜೊತೆಗೆ ಬರುವುದೂ ಇಲ್ಲ. ನಮ್ಮ ಕೋಡ್ ಅದನ್ನೂ ಸೇರಿಸಿಕೊಂಡು ಮೊದಲ ಕಾಲಮ್‌ನ ಹೆಸರು ಓದುತ್ತಿತ್ತು, ಹಾಗಾಗಿ ಕೋಡ್‌ನ ಲೆಕ್ಕದಲ್ಲಿ ಅದು ‘ಐಡಿ’ ಅಲ್ಲ, ಬೇರೆಯೇ ಏನೋ. ಉಳಿದ ಕಾಲಮ್‌ಗಳಿಗೆ ಏನೂ ಆಗಿರಲಿಲ್ಲ ಯಾಕೆ ಅನ್ನುವುದೂ ಅಲ್ಲೇ ಗೊತ್ತಾಯಿತು. ತಿದ್ದಿದ್ದು ಒಂದೇ ಪದ, ಪೈಥಾನ್ ಭಾಷೆಯಲ್ಲಿ ಇದಕ್ಕೆಂದೇ ‘ಯುಟಿಎಫ್-8-ಸಿಗ್’ ಅನ್ನುವ ಎನ್‌ಕೋಡಿಂಗ್ (ಬೈಟ್‌ಗಳನ್ನು ಅಕ್ಷರವಾಗಿ ಓದುವ ಕ್ರಮ) ಇದೆ, ಅದು ಆ ಮೂರು ಬೈಟ್ ಬಿಟ್ಟು ಓದುತ್ತದೆ. ಹುಡುಕಲು ಹಿಡಿದದ್ದು ಒಂದು ವಾರ.

ಅವತ್ತಿನಿಂದ ನಾನು ಕೇಳುವ ರೀತಿ ಬದಲಾಯಿತು. ‘ಇನ್ನಷ್ಟು ಮಾಹಿತಿ ಕೊಡಿ’ ಅಂತ ಬರೆಯುವುದನ್ನು ಬಿಟ್ಟೆ. ಏನು ಕೊಡಬೇಕು ಅಂತ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಈಗ ಒಂದೊಂದೇ ಹೆಸರಿಟ್ಟು ಕೇಳುತ್ತೇನೆ: ಯಾವ ವರ್ಷನ್, ಯಾವ ಆಪರೇಟಿಂಗ್ ಸಿಸ್ಟಮ್, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು. ಎರರ್ ಪೂರ್ತಿ ಬೇಕು, ಕೊನೆಯ ಸಾಲು ಮಾತ್ರ ಸಾಲದು. ಅದೂ ಚಿತ್ರವಾಗಿ ಬೇಡ, ಅಕ್ಷರದಲ್ಲೇ ಬೇಕು, ಯಾಕಂದರೆ ನಾಳೆ ಅದೇ ಎರರ್ ಬಂದವರು ಹುಡುಕಿದಾಗ ಹಳೆಯ ಉತ್ತರ ಸಿಗಬೇಕು. ಲಾಗ್ (ಪ್ರೋಗ್ರಾಂ ಓಡುವಾಗ ಏನೇನಾಯಿತು ಅಂತ ಬರೆದಿಡುವ ದಾಖಲೆ) ಉದ್ದ ಇದ್ದರೆ ಬೇರೆ ಕಡೆ ಹಾಕಿ ಲಿಂಕ್ ಕೊಡಿ, ಫೈಲ್ ಇದ್ದರೆ ಅದರದೂ ಲಿಂಕ್ ಕೊಡಿ ಅಂತ ನಮ್ಮ ಸೂಚನೆಯಲ್ಲೇ ಬರೆದಿಟ್ಟೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ.

ಲಾಗ್‌ನಲ್ಲಿ ಪಾಸ್‌ವರ್ಡ್, ಎಪಿಐ ಕೀ (ಪ್ರೋಗ್ರಾಂ ಬೇರೆ ಸೇವೆಗೆ ಹೋಗಲು ಬಳಸುವ ಗುಟ್ಟಿನ ಕೀಲಿ) ಹಾಗೇ ಬಿಟ್ಟು ಕಳಿಸುವವರು ಬಹಳ. ಕಂಡ ಕೂಡಲೇ ನಾನು ಅದನ್ನು ಮರೆಮಾಡಿ, ಆ ಕೀ ರದ್ದು ಮಾಡಿ ಹೊಸದು ತೆಗೆದುಕೊಳ್ಳಿ ಅಂತ ಹೇಳುತ್ತೇನೆ. ಅಳಿಸಿದರೆ ಮಾತ್ರ ಸಾಲದು, ಅಷ್ಟರಲ್ಲಿ ಯಾರ ಕಣ್ಣಿಗೆ ಬಿದ್ದಿದೆಯೋ. ಸೆಕ್ಯುರಿಟಿ ಲೋಪ ಆದರೆ ಎಲ್ಲರೆದುರು ಹಾಕಲೇಬಾರದು, ಅದಕ್ಕೆ ನಾಲ್ವರಿಗೆ ಮಾತ್ರ ಹೋಗುವ ಬೇರೆ ಮೇಲ್ ಇದೆ.

‘ಹಿಂದಿನ ವರ್ಷನ್‌ನಲ್ಲಿ ಸರಿ ಇತ್ತು’ ಅಂತ ಯಾರಾದರೂ ಬರೆದರೆ ನನಗೆ ಅರ್ಧ ಕೆಲಸ ಮುಗಿದ ಹಾಗೆ. ಕೋಡ್‌ನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್‌ನಲ್ಲಿ ಬೈಸೆಕ್ಟ್ ಅನ್ನುವ ಆಜ್ಞೆ ಇದೆ, ಅದನ್ನು ಹಾಕಿ ಕೂರುತ್ತೇನೆ. ಅದು ಸರಿ ಇದ್ದ ಕಮಿಟ್ (ಹಾಗೆ ದಾಖಲಾದ ಒಂದು ಬದಲಾವಣೆ), ಕೆಟ್ಟ ಕಮಿಟ್ ಎರಡರ ನಡುವಿನದನ್ನು ಎತ್ತಿ ಕೊಡುತ್ತದೆ, ಪರೀಕ್ಷೆ ಮಾಡಿ ಹೇಳಿದರೆ ಅರ್ಧ ಬಿಟ್ಟು ಉಳಿದರ್ಧದಲ್ಲಿ ಮತ್ತೆ ನಡುವಿನದು. 300 ಕಮಿಟ್ ಇದ್ದರೂ ಹೆಚ್ಚೆಂದರೆ 9 ಸಲ ನೋಡಿದರೆ ಸಾಕು, ಯಾವ ಬದಲಾವಣೆ ಕೆಡಿಸಿತು ಅಂತ ಸಿಕ್ಕಿಬಿಡುತ್ತದೆ.

ಇನ್ನು ಸ್ಪ್ಯಾಮ್. ಅದು ಬರುವುದು ನಾವು ಓದಲಿ ಅಂತ ಅಲ್ಲ. ಜಾಸ್ತಿ ಬರುವುದು ಸರ್ಚ್ ಎಂಜಿನ್ ಕಣ್ಣಿಗೆ ಲಿಂಕ್ ಬೀಳಲಿ ಅಂತ. ಇಂಥ ಲಿಂಕ್‌ಗೆ ಬೆಲೆ ಕೊಡಬೇಡಿ ಅಂತ ಸರ್ಚ್ ಎಂಜಿನ್‌ಗೆ ಹೇಳುವ ‘ನೋಫಾಲೋ’ ಗುರುತನ್ನು ಗೂಗಲ್ 2005ರಲ್ಲೇ ತಂದಿತು. ಆದರೂ ನಿಂತಿಲ್ಲ, ಕಳಿಸುವುದಕ್ಕೆ ಖರ್ಚೇ ಇಲ್ಲವಲ್ಲ. ಒಂದು ಉಪಾಯವಂತೂ ನನ್ನನ್ನು ಬಹಳ ದಿನ ಏಮಾರಿಸಿತು: ಹಳೆಯ ಒಳ್ಳೆಯ ಉತ್ತರವನ್ನೇ ಕದ್ದು ಹಾಕುತ್ತಾರೆ, ಲಿಂಕ್ ಇರುವುದಿಲ್ಲ, ನಾವು ಬಿಡುತ್ತೇವೆ. ನಾಲ್ಕು ದಿನ ಬಿಟ್ಟು ಅದನ್ನು ಎಡಿಟ್ ಮಾಡಿ ಒಂದು ಪೂರ್ಣವಿರಾಮದ ಚುಕ್ಕಿಗೆ ಲಿಂಕ್ ಅಂಟಿಸುತ್ತಾರೆ. ಓದುವವರಿಗೆ ಗೊತ್ತೇ ಆಗುವುದಿಲ್ಲ. ಈಗ ಹೊಸ ಅಕೌಂಟ್ ಮಾಡಿದ ಎಡಿಟ್‌ಗಳೂ ನನ್ನ ಪಟ್ಟಿಗೆ ಬರುತ್ತವೆ.

ಇದಕ್ಕಿಂತ ಕೆಟ್ಟದ್ದು 2024ರಲ್ಲಿ ಶುರುವಾಯಿತು. ಯಾರೋ ಪಾಪ ಬಗ್ ಹೇಳಿಕೊಂಡಿರುತ್ತಾರೆ, ಕೆಲವೇ ನಿಮಿಷದಲ್ಲಿ ಅಪರಿಚಿತ ಅಕೌಂಟ್‌ನಿಂದ ಉತ್ತರ: ‘ಈ ಫೈಲ್ ಇಳಿಸಿಕೊಳ್ಳಿ, ಸರಿ ಹೋಗುತ್ತದೆ’. ಜಿಪ್ ಫೈಲ್, ಪಕ್ಕದಲ್ಲೇ ಅದರ ಪಾಸ್‌ವರ್ಡ್. ಪಾಸ್‌ವರ್ಡ್ ಹಾಕಿದ್ದು ಯಾಕೆಂದರೆ ಆಂಟಿವೈರಸ್ ಒಳಗೆ ಇಣುಕಬಾರದು ಅಂತ. ಒಳಗಿರುವುದು ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ. ಇದನ್ನು ಕಂಡರೆ ನಾನು ಊಟ ಅರ್ಧಕ್ಕೆ ಬಿಟ್ಟು ಎದ್ದು ತೆಗೆಯುತ್ತೇನೆ. ಸಹಾಯ ಕೇಳಿಕೊಂಡು ಬಂದವರನ್ನು ನಮ್ಮ ಅಂಗಳದಲ್ಲೇ ಲೂಟಿ ಮಾಡುವುದು ಅಂದರೆ! ಬರೀ ಅಳಿಸಿ ಸುಮ್ಮನಾಗುವುದಿಲ್ಲ, ಆ ಅಕೌಂಟ್ ಬಗ್ಗೆ ಸೈಟಿನವರಿಗೆ ದೂರು ಕೊಡುತ್ತೇನೆ, ಇಲ್ಲದಿದ್ದರೆ ಪಕ್ಕದ ಪ್ರಾಜೆಕ್ಟಿಗೆ ಹೋಗುತ್ತಾನೆ ಅಷ್ಟೇ. ಬಗ್ ಹೇಳಿಕೊಂಡವರಿಗೂ ಬರೆದು ತಿಳಿಸುತ್ತೇನೆ, ಅವರಿಗೆ ಉತ್ತರದ ಮೇಲ್ ಆಗಲೇ ಹೋಗಿರುತ್ತದೆ.

ಎಐ ಬರೆದ ರಿಪೋರ್ಟ್‌ಗಳದ್ದು ಇನ್ನೊಂದು ಕಥೆ. ಇಂಟರ್ನೆಟ್‌ನಲ್ಲಿ ಡೇಟಾ ತರಲು, ಕಳಿಸಲು ಬಳಸುವ ಕರ್ಲ್ ಅನ್ನುವ ಓಪನ್ ಸೋರ್ಸ್ ಪ್ರಾಜೆಕ್ಟಿನ ಡೇನಿಯಲ್ ಸ್ಟೆನ್‌ಬರ್ಗ್ 2024ರ ಜನವರಿಯಲ್ಲೇ ಇದರಿಂದ ಎಷ್ಟು ಸಮಯ ಹಾಳಾಗುತ್ತಿದೆ ಅಂತ ಬರೆದಿದ್ದರು. ನಮಗೂ ಬಂತು. ಉದ್ದಕ್ಕೆ, ನಯವಾಗಿ, ದಪ್ಪಕ್ಷರದ ಶೀರ್ಷಿಕೆಗಳೊಂದಿಗೆ. ಅದರಲ್ಲಿ ಹೆಸರಿಸಿದ ಫಂಕ್ಷನ್ ನಮ್ಮ ಕೋಡ್‌ನಲ್ಲಿ ಇರಲೇ ಇಲ್ಲ. ಆದರೂ ಭಾಷೆ ನೋಡಿ ಎತ್ತಿ ಎಸೆಯುವುದಿಲ್ಲ. ಇಂಗ್ಲಿಷ್ ಕಷ್ಟ ಅನ್ನುವವರು ತಮ್ಮ ಮಾತನ್ನು ಎಐ ಕೈಯಲ್ಲಿ ಬರೆಸಿರಬಹುದು. ಒಂದೇ ಪ್ರಶ್ನೆ ಕೇಳುತ್ತೇನೆ: ಯಾವ ಫೈಲ್ ಕೊಟ್ಟಾಗ ಹೀಗಾಯಿತು? ನಿಜವಾಗಿ ತೊಂದರೆ ಆದವರು ಫೈಲ್ ಕಳಿಸುತ್ತಾರೆ.

ಈಗ ಆ 11 ದಿನದ ರಿಪೋರ್ಟ್‌ಗೆ ಬರುತ್ತೇನೆ. ಮೂರು ಲಿಂಕ್ ಯಾವುವು ಗೊತ್ತಾ? ಒಂದು ಪೂರ್ತಿ ಲಾಗ್, ಒಂದು ಫೈಲ್, ಒಂದು ಹತ್ತು ಸಾಲಿನ ಕೋಡ್. ನಾವು ಸೂಚನೆಯಲ್ಲಿ ಕೇಳಿದ್ದನ್ನು ಅವರು ಅಕ್ಷರಶಃ ಪಾಲಿಸಿದ್ದರು, ನನ್ನ ಫಿಲ್ಟರ್ ಅದೇ ಕಾರಣಕ್ಕೆ ಅವರನ್ನು ಹಿಡಿದು ಹಾಕಿತ್ತು. ಬಗ್ ಏನಂದರೆ, ಎಲ್ಲೋ ಒಂದು ಕಡೆ ಖಾಲಿ ಸಾಲು ಸುಮ್ನೆ ಹುಟ್ಟಿಕೊಳ್ಳುತ್ತಿತ್ತು. ‘ಫೈಲಿನಲ್ಲಿ ಅದಕ್ಕಿಂತ ಮೇಲೆ ಎಲ್ಲಾದರೂ ಒಂದು ಅಕ್ಷರ ತೆಗೆದರೆ ತೊಂದರೆ ಮಾಯವಾಗುತ್ತದೆ’ ಅಂತ ಬರೆದಿದ್ದರು. ಆ ಸಾಲು ಓದಿದ್ದೇ ನನಗೆ ಹೊಳೆಯಿತು. ನಾವು ಫೈಲನ್ನು 65,536 ಬೈಟ್‌ಗಳ ತುಂಡು ಮಾಡಿ ಓದುತ್ತೇವೆ. ವಿಂಡೋಸ್ ಫೈಲಿನಲ್ಲಿ ಸಾಲು ಮುಗಿಯುವುದು ಎರಡು ಬೈಟ್‌ಗಳಿಂದ, ಕ್ಯಾರೇಜ್ ರಿಟರ್ನ್ ಮತ್ತು ಲೈನ್ ಫೀಡ್. ಸರಿಯಾಗಿ ಅವೆರಡರ ನಡುವೆ ತುಂಡಾದರೆ ನಮ್ಮ ಕೋಡ್ ಒಂದು ಸಾಲಿನ ಕೊನೆಯನ್ನು ಎರಡು ಅಂತ ಎಣಿಸುತ್ತಿತ್ತು. ಮೇಲೆ ಒಂದು ಅಕ್ಷರ ತೆಗೆದರೆ ಉಳಿದದ್ದೆಲ್ಲ ಸರಿದು, ಅವೆರಡರ ನಡುವೆ ತುಂಡಾಗುತ್ತಿರಲಿಲ್ಲ. ಬಹಳ ದಿನದಿಂದ ಅಲ್ಲಿದ್ದ ತಪ್ಪು, ನಾಲ್ವರಲ್ಲಿ ಯಾರಿಗೂ ಕಂಡಿರಲಿಲ್ಲ.

ತಡವಾಗಿದ್ದಕ್ಕೆ ಕ್ಷಮೆ ಕೇಳಿ ಬರೆದೆ, ಕಾರಣವನ್ನೂ ಮುಚ್ಚಿಡದೆ ಹೇಳಿದೆ. ನಮಗೆ ಆಸಕ್ತಿ ಇಲ್ಲ ಅಂದುಕೊಂಡು ಅವರು ಆಗಲೇ ಬೇರೆ ಲೈಬ್ರರಿಗೆ ಹೋಗಿದ್ದರು. ಆದರೂ ತಿದ್ದಿದ ಕೋಡನ್ನು ಪರೀಕ್ಷೆ ಮಾಡಿ, ಸರಿ ಇದೆ ಅಂತ ತಿಳಿಸಿದರು.

ಆಮೇಲೆ ಫಿಲ್ಟರ್‌ಗೆ ಅಳಿಸುವ ಅಧಿಕಾರವನ್ನೇ ತೆಗೆದೆ. ಮೊದಲು 30 ದಿನ ಆದರೆ ತಾನಾಗಿ ಅಳಿಸುತ್ತಿತ್ತು. ಈಗ ಅನುಮಾನ ಬಂದದ್ದನ್ನು ತಡೆದಿಡುತ್ತದೆ ಅಷ್ಟೇ, ದಿನಾ ಬೆಳಿಗ್ಗೆ ನಮ್ಮಲ್ಲಿ ಒಬ್ಬರು ನೋಡುತ್ತಾರೆ. ಎರರ್ ಸಾಲು ಅಥವಾ ವರ್ಷನ್ ನಂಬರ್ ಇದ್ದರೆ ಲಿಂಕ್ ಎಷ್ಟಿದ್ದರೂ ಮೇಲಕ್ಕೆ ಬರುತ್ತದೆ. ತಡೆದ ಕೂಡಲೇ ಕಳಿಸಿದವರಿಗೂ ಒಂದು ಸಾಲು ಹೋಗುತ್ತದೆ: ನಿಮ್ಮ ರಿಪೋರ್ಟ್ ಬಂದಿದೆ, ಒಬ್ಬರು ನೋಡಿ ಬಿಡುತ್ತಾರೆ, ಮತ್ತೆ ಕಳಿಸಬೇಕಾಗಿಲ್ಲ.

ಇವತ್ತು ಬೆಳಿಗ್ಗೆ ರಾಶಿಯಲ್ಲಿ 9 ಇದ್ದವು. ಎಂಟು ಸ್ಪ್ಯಾಮ್. ಒಂಬತ್ತನೆಯದು ಒಂದೂವರೆ ಸಾಲು, ಫೈಲ್ ಹೆಸರಿನಲ್ಲಿ ಸ್ಪೇಸ್ ಇದ್ದರೆ ತೆರೆಯುತ್ತಿಲ್ಲವಂತೆ. ಅದನ್ನು ಬಿಡಿಸಿ, ಯಾವ ವರ್ಷನ್ ಅಂತ ಕೇಳಿ ಬಂದಿದ್ದೇನೆ.