ಹೊನ್ನಮ್ಮಜ್ಜಿ ಹೊನ್ನಲೆಯಾದ ಬಗೆ

ದಾವಣಗೆರೆ ಚೌಕಿಪೇಟೆ ಹತ್ತಿರ ನನ್ನದೊಂದು ಕಾರ್ಡ್ ಪ್ರಿಂಟಿಂಗ್ ಅಂಗಡಿ. ಮದುವೆ, ಗೃಹಪ್ರವೇಶ, ತೊಟ್ಟಿಲು, ಶಿವಗಣಾರಾಧನೆ, ಏನು ಬಂದರೂ ಹೊಡೆದು ಕೊಡುತ್ತೇನೆ. ಲಾಕ್‌ಡೌನ್ ಮುಗಿದ ಮೇಲೆ ಮದುವೆ ಕಾರ್ಡೆಲ್ಲ ವಾಟ್ಸಾಪ್ ಪಾಲಾಯಿತು. ಆಗ ತೊಟ್ಟಿಲ ಕಾರ್ಡಿನ ಜತೆಗೆ ಹೆಸರನ್ನೂ ಹುಡುಕಿ ಕೊಡೋಣ ಅಂತ ಹೊಳೆಯಿತು. ಪಕ್ಕದ ಡಿಟಿಪಿಯವನು "ಹೆಸರಿಗೂ ದುಡ್ಡು ತಗೋತೀಯಾ? ನಾಳೆ ಉಸಿರಿಗೂ ತಗೋ" ಅಂತ ನಕ್ಕ. ನನ್ನ ಭಾಮೈದ ಅವನಿಗಿಂತ ಜೋರಾಗಿ ನಕ್ಕ. ಈಗ ತಿಂಗಳಿಗೆ ಹತ್ತು ಹನ್ನೆರಡು ಮನೆಯವರು ಬರುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದದ್ದು.

ಮಗು ಹುಟ್ಟಿದ ನಕ್ಷತ್ರ, ಅದರ ಪಾದ ನೋಡಿ ಹೆಸರಿನ ಮೊದಲ ಅಕ್ಷರ ಹೇಳುವ ಲೆಕ್ಕ ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಅದನ್ನು ಇಲ್ಲಿ ಎತ್ತುವುದಿಲ್ಲ.

ಮೊದಲು ಮಾಡಿದ ಹುಚ್ಚುತನ ಹೇಳುತ್ತೇನೆ. ನೂರಾ ಒಂದು ರೂಪಾಯಿಗೆ ಹತ್ತು ಹೆಸರಿನ ಪಟ್ಟಿ ಕೊಡುತ್ತಿದ್ದೆ. ಜನ ಮೊಬೈಲಲ್ಲಿ ಪಟ್ಟಿಯ ಫೋಟೋ ಹೊಡೆದುಕೊಂಡು "ಮನೇಲಿ ಕೇಳ್ಕೊಂಡು ಬರ್ತೀವ್ರಿ" ಅಂತ ಹೋದರೆ ಹೋದರೇ. ಎರಡು ವಾರ ಬಿಟ್ಟು ನೋಡಿದರೆ ನನ್ನ ಹೆಸರು ಬೇರೆ ಅಂಗಡಿಯ ಕಾರ್ಡಿನಲ್ಲಿ! ಮೊದಲ ಆರು ತಿಂಗಳಲ್ಲಿ ಬಂದದ್ದು ಎರಡೂವರೆ ಸಾವಿರವೋ ಏನೋ. ಅಷ್ಟರಲ್ಲಿ ಪುಸ್ತಕಕ್ಕೇ ಏಳೆಂಟು ಸಾವಿರ ಸುರಿದಾಗಿತ್ತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು (ಹಳೇದು, ಒಂದರ ರಟ್ಟು ಕಿತ್ತಿದೆ), 1894ರ ಕಿಟ್ಟೆಲ್ ಕೋಶದ ಮರುಮುದ್ರಣ, ಬಿ.ಎಲ್. ರೈಸ್ ಸಾಹೇಬರು ಜಿಲ್ಲಾವಾರು ಸಂಪಾದಿಸಿದ ಶಾಸನ ಸಂಪುಟಗಳ (ಎಪಿಗ್ರಾಫಿಯಾ ಕರ್ನಾಟಿಕಾ) ಜೆರಾಕ್ಸ್. ನಮ್ಮ ಕಡೆಯದು ಬೇಕಾದರೆ ಹನ್ನೊಂದನೇ ಸಂಪುಟ, ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆದರೆ ಹೊನ್ನಾಳಿ, ಚನ್ನಗಿರಿ ಅದರಲ್ಲಿ ಸಿಗುವುದಿಲ್ಲ, ಶಿವಮೊಗ್ಗದ ಏಳನೇ ಸಂಪುಟ ತೆಗೆಯಬೇಕು. ಇದು ಗೊತ್ತಿಲ್ಲದೆ ಒಂದು ಭಾನುವಾರವಿಡೀ ಹಾಳು ಮಾಡಿಕೊಂಡಿದ್ದೇನೆ.

ಒಬ್ಬರು 'ಆರವ್' ಅಂತ ನಿಶ್ಚಯ ಮಾಡಿಕೊಂಡೇ ಬಂದಿದ್ದರು. ಅರ್ಥ 'ಶಾಂತಿ' ಅಂತ ಕಾರ್ಡಿನಲ್ಲಿ ಹಾಕಬೇಕಂತೆ, ಇಂಟರ್‌ನೆಟ್ಟಿನಲ್ಲಿ ಹಾಗಿದೆಯಂತೆ. ನನಗೆ ತಡೆಯಲಾಗಲಿಲ್ಲ. ನಿಘಂಟು ತೆಗೆದು ತೋರಿಸಿದೆ: ಆರವ ಅಂದರೆ ಕೂಗು, ಸದ್ದು. ಮಗುವಿನ ತಂದೆ ಮುಖ ಕೆಂಪಗೆ ಮಾಡಿಕೊಂಡು ಆರ್ಡರ್ ವಾಪಸ್ ತಗೊಂಡರು. ಸುಮಾರು ಸಾವಿರದ ಇನ್ನೂರು ರೂಪಾಯಿ ಹೋಯಿತು. ಅವತ್ತಿನಿಂದ ಆಗಲೇ ಇಟ್ಟ ಹೆಸರಿನ ಅರ್ಥ ನಾನಾಗಿ ಎತ್ತುವುದಿಲ್ಲ. ಸಾನ್ವಿ ಅಂದರೆ ಲಕ್ಷ್ಮಿ ಅನ್ನುತ್ತಾರೆ. ನನ್ನ ಯಾವ ನಿಘಂಟಿನಲ್ಲೂ ಆ ಲಕ್ಷ್ಮಿ ಸಿಕ್ಕಿಲ್ಲ. ಸುಮ್ಮನೆ ಕಾರ್ಡ್ ಹೊಡೆದು ಕೊಡುತ್ತೇನೆ.

ಆಮೇಲೆ ಹಿಡಿದದ್ದು ತದ್ಭವದ ದಾರಿ. ಕೇಶಿರಾಜನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣ ಮುಂದಿಟ್ಟುಕೊಂಡು ಕೂತರೆ ಹೆಸರಿಗೇನು ಬರ. ರತ್ನ ರನ್ನ ಆಗಿದೆ, ಯಜ್ಞ ಜನ್ನ ಆಗಿದೆ, ಬ್ರಹ್ಮ ಬೊಮ್ಮ, ಶ್ರೀ ಸಿರಿ. ನಮ್ಮೂರ ದುಗ್ಗಮ್ಮ ಯಾರು, ದುರ್ಗೆಯೇ ಅಲ್ಲವೇ? ಇನ್ನೇನು ಗೆದ್ದೆ ಅಂದುಕೊಂಡೆ. ವಿಷ್ಣು ಅನ್ನೋ ಹೆಸರಿನ ಹಳೇ ರೂಪ ಕೇಳಿದ ಮನೆಗೆ 'ಬಿಟ್ಟಿ' ಕೊಟ್ಟೆ. ಹೊಯ್ಸಳ ವಿಷ್ಣುವರ್ಧನನೇ ಬಿಟ್ಟಿದೇವ, ಇದಕ್ಕಿಂತ ದೊಡ್ಡ ಹೆಸರು ಉಂಟೇ ಅಂತ. ಮಗುವಿನ ತಾತ ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟರು. "ಏನ್ ಸ್ವಾಮಿ, ನನ್ನ ಮೊಮ್ಮಗ ಏನು ಬಿಟ್ಟಿ ಸಿಕ್ಕಿದಾನಾ? ಸಿಜೇರಿಯನ್ನಿಗೆ ಎಪ್ಪತ್ತು ಸಾವಿರ ಕಟ್ಟೀವಿ."

ಅಗ್ಗಳನೂ ಹಾಗೇ ಬಿದ್ದ. 1189ರಲ್ಲಿ ಚಂದ್ರಪ್ರಭಪುರಾಣ ಬರೆದ ಕವಿ, ಅಗ್ಗಳ ಅಂದರೆ ಶ್ರೇಷ್ಠ. ಆದರೆ ಜನರ ಕಿವಿಗೆ ಬಿದ್ದದ್ದು 'ಅಗ್ಗ' ಮಾತ್ರ. ಹಂಸಕ್ಕೆ ಹಳಗನ್ನಡದಲ್ಲಿ ಅಂಚೆ ಅನ್ನುತ್ತಾರೆ. ಅದನ್ನು ಬಾಯಿಬಿಟ್ಟು ಹೇಳುವ ಮೊದಲೇ ನನ್ನ ಹೆಂಡತಿ ತಡೆದಳು, ಪುಣ್ಯಾತ್ಗಿತ್ತಿ. 'ಎಲರು' ಮಾತ್ರ ದಾಟಿಕೊಂಡಿತು, ತಂಗಾಳಿ ಅಂತ ಅರ್ಥ. ಆ ಹುಡುಗಿ ಅಂಗನವಾಡಿಗೆ ಸೇರಿದ ದಿನ ಟೀಚರ್ ಹಾಜರಿ ಕೂಗಿದರು, "ಎಲರು?" ಅಂತ. ಮಕ್ಕಳೆಲ್ಲ ಒಟ್ಟಿಗೆ "ಬಂದೀವಿ ಮಿಸ್!" ಅಂದವಂತೆ. ತಾಯಿ ನಗುತ್ತಾ ಹೇಳಿದರು, ನನಗೆ ಮಾತ್ರ ನಗು ಬರಲಿಲ್ಲ.

ಅಲ್ಲಿಂದ ಎರಡು ಪರೀಕ್ಷೆ ಇಟ್ಟುಕೊಂಡೆ. ಒಂದು ಹಾಜರಿ ಪರೀಕ್ಷೆ. ಇನ್ನೊಂದು ಕುರ್ರ್ ಪರೀಕ್ಷೆ. ತೊಟ್ಟಿಲ ದಿನ ಸೋದರತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ ಕುರ್ರ್ ಅಂತ ಹೆಸರು ಹೇಳುವಾಗ ಉಳಿದ ಹೆಂಗಸರು ಬೆನ್ನಿಗೆ ಗುದ್ದುತ್ತಾರಲ್ಲ, ಆ ಗುದ್ದಿನ ನಡುವೆಯೂ ತೊದಲದೆ ಬಾಯಿಂದ ಬರುವ ಹೆಸರಾಗಿರಬೇಕು. ಮನೆಯಲ್ಲಿ ನನ್ನ ತಂಗಿಯನ್ನು ಬಗ್ಗಿಸಿ ಗುದ್ದಿಯೇ ನೋಡಿದ್ದೇನೆ. ನಾಲ್ಕಕ್ಷರ ದಾಟಿದರೆ ಕಷ್ಟ. ಇಂಚರ, ಇಬ್ಬನಿ ಎರಡೂ ಸಲೀಸಾಗಿ ಬಂದವು. ಆದರೆ ಅವು ಈಗ ಊರಿಗೊಂದು ಇವೆ, ಅವಕ್ಕೆ ನಾನು ದುಡ್ಡು ಕೇಳಿದರೆ ಯಾರು ಕೊಡುತ್ತಾರೆ?

ನಡುವೆ ಒಂದು ಹುಚ್ಚು ಹತ್ತಿತು. ರೇವತಿ ಮೂರನೇ ಪಾದದ ಗಂಡುಮಗು, ಅಕ್ಷರ 'ಚ'. ನಮ್ಮ ಸೀಮೆಯಲ್ಲಿ ಬರೆದಿಟ್ಟ ಅತಿ ಹಳೇ ಹೆಸರು ಯಾವುದು ನೋಡೋಣ ಅಂತ ಬೈಕ್ ಹತ್ತಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆ. ಪೆಟ್ರೋಲು, ಊಟ ಸೇರಿ ಆರೇಳು ನೂರು. ಅಲ್ಲಿನ ಅಶೋಕನ ಶಾಸನದ ಕೊನೆಗೆ ಬರೆದವನ ಹೆಸರಿದೆ: ಚಪಡ. ಉಳಿದದ್ದೆಲ್ಲ ಬ್ರಾಹ್ಮಿ, ಆದರೆ ತಾನು ಲಿಪಿಕಾರ ಅನ್ನೋ ಒಂದು ಮಾತನ್ನು ಮಾತ್ರ ಆ ಪುಣ್ಯಾತ್ಮ ಖರೋಷ್ಠಿ ಅನ್ನೋ ಬೇರೆ ಲಿಪಿಯಲ್ಲಿ ಬರೆದಿದ್ದಾನೆ. ನನ್ನ ಹಾಗೇ, ತನಗೆ ಇನ್ನೊಂದು ಅಕ್ಷರವೂ ಬರುತ್ತದೆ ಅಂತ ತೋರಿಸುವ ಚಟ. ಖುಷಿಯಿಂದ ಬಂದು ಹೇಳಿದೆ. ಮಗುವಿನ ತಂದೆ ಒಂದು ಕ್ಷಣ ಸುಮ್ಮನಿದ್ದು "ಚಪ್ಪಡಿ ಕಲ್ಲು ಅಂದಂಗಾಗುತ್ತಲ್ರಿ" ಅಂದರು. ಕೊನೆಗೆ ಚಂದನ್ ಅಂತ ಇಟ್ಟರು.

ಗೆದ್ದ ಪಟ್ಟು ಸಿಕ್ಕಿದ್ದು ಒಂದು ಜಗಳದಲ್ಲಿ. ವಿನೋಬನಗರದ ಮನೆ. ತೀರಿಕೊಂಡ ಅಜ್ಜಿ ಹೊನ್ನಮ್ಮನ ಹೆಸರೇ ಇಡಬೇಕು ಅಂತ ಅತ್ತೆ. "ಹೊನ್ನಮ್ಮ ಅಂದ್ರೆ ಸ್ಕೂಲಲ್ಲಿ ನಗ್ತಾರೆ" ಅಂತ ಸೊಸೆ. ಇಬ್ಬರೂ ನನ್ನ ಕೌಂಟರಿನ ಎದುರೇ ಶುರುಮಾಡಿದರು. ನನ್ನ ಮುಂದೆ ಹೊಯ್ಸಳರ ಪುಟ ತೆರೆದಿತ್ತು. ವಿಷ್ಣುವರ್ಧನನ ತಾಯಿ ಏಚಲೆ, ರಾಣಿಯರು ಶಾಂತಲೆ, ಬಮ್ಮಲೆ. ದಿನಾ ನೋಡುತ್ತಿದ್ದದ್ದೇ, ಅವತ್ತು ಬಾಲ ಕಣ್ಣಿಗೆ ಬಿತ್ತು. ಬೊಮ್ಮ ಅನ್ನೋದಕ್ಕೆ 'ಅಮ್ಮ' ಸೇರಿದರೆ ನಮ್ಮ ಹಳ್ಳಿಯ ಬೊಮ್ಮಮ್ಮ, ಅದೇ ಹೆಸರಿಗೆ 'ಅಲೆ' ಸೇರಿದರೆ ಬಮ್ಮಲೆ ರಾಣಿ! ಹಾಗಾದರೆ ಹೊನ್ನಮ್ಮನ 'ಅಮ್ಮ' ಬಿಡಿಸಿ ಅಲೆ ಹಚ್ಚಿದರೆ? ಚೀಟಿಯ ಮೇಲೆ 'ಹೊನ್ನಲೆ' ಅಂತ ಬರೆದು ನಡುವೆ ಇಟ್ಟೆ.

ಸೊಸೆ ಓದಿ "ಬಂಗಾರದ ಅಲೆನಾ?" ಅಂದಳು. ಇದು ನೀರಿನ ಅಲೆಯಲ್ಲ, ಹೆಸರಿನ ಬಾಲ ಅಂತ ಹೇಳಬೇಕಿತ್ತು. ಆರವ್ ನೆನಪಾಯಿತು, ನಾಲಿಗೆ ಕಚ್ಚಿಕೊಂಡೆ. ಅತ್ತೆಗೆ ಹೊನ್ನು ಉಳಿಯಿತು, ಸೊಸೆಗೆ ಅಲೆ ಸಿಕ್ಕಿತು. ನೂರೈವತ್ತು ಕಾರ್ಡು, ಹೆಸರಿಗೆ ಐನೂರಾ ಒಂದು. ಹಿಂಬದಿಯಲ್ಲಿ ಎರಡು ಸಾಲು: ಅಜ್ಜಿಯ ಹೆಸರು, ರಾಣಿಯರ ಹೆಸರು. ಆ ಎರಡು ಸಾಲೇ ನನ್ನ ಜಾಹೀರಾತು. ತೊಟ್ಟಿಲಿಗೆ ಬಂದ ನೆಂಟರಲ್ಲೇ ಮೂರು ಮನೆಯವರು ಬಂದರು.

ತೊಡಕು ಬಂದದ್ದು ಜನನ ಪತ್ರದಲ್ಲಿ. ಕಚೇರಿಯ ಕಂಪ್ಯೂಟರಿನಲ್ಲಿ ಕೂತವರು ಹೊನ್ನಲೆ ಅನ್ನೋದನ್ನು 'ಹೊನ್ನಾಳಿ' ಅಂತ ತಿದ್ದಿದ್ದರು, ಊರಿನ ಹೆಸರು ತಪ್ಪಾಗಿದೆ ಅಂದುಕೊಂಡು! ಅಫಿಡವಿಟ್ಟು, ಓಡಾಟ, ತಿಂಗಳು ಹಿಡಿಯಿತು. ಖರ್ಚಿನಲ್ಲಿ ಅರ್ಧ ನಾನೇ ಕೊಟ್ಟೆ. ಅಂದಿನಿಂದ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪಕ್ಷರದಲ್ಲಿ ಹೊಡೆದು ಒಂದು ಚೀಟಿ ಕೊಟ್ಟು ಕಳಿಸುತ್ತೇನೆ. ಡಿಸ್ಚಾರ್ಜ್ ದಿನವೇ ಅವಸರದಲ್ಲಿ ಹೆಸರು ಬರೆಸಬೇಡಿ ಅಂತಲೂ ಹೇಳುತ್ತೇನೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ನಿಯಮದಂತೆ ಹೆಸರು ಸೇರಿಸಲು ಜನನ ನೋಂದಣಿಯಾದ ದಿನದಿಂದ ಒಂದು ವರ್ಷದವರೆಗೆ ಶುಲ್ಕವಿಲ್ಲ, ಆಮೇಲೆ ಶುಲ್ಕ ಕಟ್ಟಿದರೆ ಹದಿನೈದು ವರ್ಷದವರೆಗೆ ಅವಕಾಶವಿದೆ.

ಎಲ್ಲ ಅಜ್ಜಿಯರಿಗೂ ಅಲೆ ಹೊಂದುವುದಿಲ್ಲ. ಚಂದಮ್ಮ ಚಂದಲೆಯಾಗಿ ಕೂತಳು. ಹಾಲಮ್ಮನಿಗೆ ಹಚ್ಚಿದರೆ 'ಹಾಲಲೆ', ಕರುವನ್ನು ಕರೆದ ಹಾಗಾಗುತ್ತದೆ. ಓಬಮ್ಮನಿಗೆ ಬೇರೆ ದಾರಿ: ಓಬ ಬಂದದ್ದು ಅಹೋಬಲದಿಂದ, ಮೂಲಕ್ಕೇ ಹೋದರೆ ಬಲಾ ಅನ್ನೋ ತುಂಡು ಸಿಗುತ್ತದೆ. ದುರ್ಗದ ಒಂದು ಮನೆಗೆ ಹಾಗೇ ಮಾಡಿಕೊಟ್ಟೆ. ಒನಕೆ ಓಬವ್ವನ ಊರಲ್ಲಿ ಅಷ್ಟು ಹೇಳಿದರೆ ಸಾಕಿತ್ತು, ಒಪ್ಪಿದರು. ಕಷ್ಟದ್ದು ತಿಪ್ಪಮ್ಮ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಗಳಲ್ಲಿ ಈ ಹೆಸರು ಬಿಡುವ ಹಾಗಿಲ್ಲ, ಇಡುವುದಕ್ಕೆ ಸೊಸೆಯಂದಿರು ಒಪ್ಪುವುದಿಲ್ಲ. ಅದಕ್ಕೂ ಒಂದು ಪಟ್ಟು ಸಿಕ್ಕಿದೆ, ನಾಲ್ಕು ಮನೆಯಲ್ಲಿ ನಡೆದಿದೆ. ಅದನ್ನಿಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು.

ಈಗ ಹತ್ತು ಹೆಸರು ಕೊಡುವುದನ್ನು ಬಿಟ್ಟಿದ್ದೇನೆ. ಮೂರೇ. ಅದರಲ್ಲಿ ಎರಡನ್ನು ಯಾಕೆ ಕೊಡುತ್ತೇನೆ ಅನ್ನೋದೂ ನನಗೇ ಇರಲಿ. ಮೊದಲು ಕೇಳುವ ಪ್ರಶ್ನೆ ನಕ್ಷತ್ರದ್ದಲ್ಲ, "ಅಜ್ಜಿ ಹೆಸರೇನ್ರಿ?" ಅನ್ನೋದು.

ಹೋದ ವಾರ ಪಕ್ಕದ ಡಿಟಿಪಿಯವನು ಬಂದ. ತಮ್ಮನಿಗೆ ಹೆಣ್ಣು ಕೂಸು, ಹಸ್ತ ಮೂರನೇ ಪಾದ. ಅಂದರೆ ಅಕ್ಷರ 'ಣ'. ಕನ್ನಡದಲ್ಲಿ ಣಕಾರದಿಂದ ಶುರುವಾಗುವ ಹೆಸರು ಎಲ್ಲಿಂದ ತರಲಿ? 'ನ' ಇಟ್ಟು ಸುಧಾರಿಸಬೇಕು. ಅಜ್ಜಿ ಹೆಸರು ಕೇಳಿದೆ. ತಲೆ ಕೆರೆದುಕೊಂಡು "ತಿಪ್ಪಮ್ಮ" ಅಂದ. ಐನೂರಾ ಒಂದು ಮುಂಗಡ ತಗೊಂಡೆ, ಒಂದು ರೂಪಾಯಿಯನ್ನೂ ಬಿಡಲಿಲ್ಲ.