ಗದ್ದದ ಕೂದಲು, 14 ತಿಂಗಳು, ಹಳೇ ಗಾಲ್ವಾನಿಕ್

ಕೂದಲ ಬುಡಕ್ಕೆ ಸೂಜಿ ಇಳಿಸಿ, ಸಣ್ಣ ನೇರ ಕರೆಂಟ್ ಹರಿಸಿ ಬೇರು ಕೊಲ್ಲುವುದು ಗಾಲ್ವಾನಿಕ್. ಅದರ ಹೆಸರೆತ್ತಿದಾಗ ಕೂದಲು ತೆಗೆಯುವ ನಮ್ಮ ಕೆಲಸದವರೇ ನಕ್ಕರು. "1875ರಲ್ಲಿ ಕಣ್ಣಿನ ಡಾಕ್ಟರ್ ಚಾರ್ಲ್ಸ್ ಮಿಷೆಲ್ ಕಣ್ಣಿಗೆ ಚುಚ್ಚುವ ರೆಪ್ಪೆಗೂದಲು ತೆಗೆಯೋಕೆ ಬಳಸಿದ್ದು, ಅದನ್ನ ಈಗ ಹಿಡ್ಕೊಂಡು ಕೂತಿದ್ದೀಯಲ್ಲೇ" ಅಂತ ಜೊತೆಯವಳೊಬ್ಬಳು ರೇಗಿಸಿದಳು. ಸೂಜಿಯಲ್ಲೇ ಕ್ಷಣಮಾತ್ರ ಶಾಖ ಕೊಟ್ಟು ಬೇರು ಸುಡುವ ಫ್ಲ್ಯಾಶ್‌ನಲ್ಲಿ ಗಂಟೆಗೆ 300 ಕೂದಲು ಹಾರಿಸುವಾಗ ಒಂದೊಂದಕ್ಕೆ 20 ಸೆಕೆಂಡ್ ಕಾಯುವವರು ಯಾರು, ಅಲ್ವಾ? ನಾನು ಕಾದೆ, ನನ್ನ ಗದ್ದದ ಮೇಲೇ. ಈಗ ಅಲ್ಲಿ ಚಿಮಟಕ್ಕೆ ಸಿಗುವಂಥದ್ದು ಏನೂ ಇಲ್ಲ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಲೇಸರ್ ಆರು ಸಲ. ಕಪ್ಪು ಕೂದಲು ತೆಳುವಾಯಿತು, ಬಿಳಿಯದು ಜಗ್ಗಲಿಲ್ಲ. ಬಣ್ಣವೇ ಇಲ್ಲದ ಕಡೆ ಲೇಸರ್ ಏನು ಮಾಡೀತು! ಆಮೇಲೆ ಫ್ಲ್ಯಾಶ್ ಮಾಡಿಸಿಕೊಂಡೆ. ತೆಗೆದದ್ದರಲ್ಲಿ ಅರ್ಧಕ್ಕರ್ಧ ಎರಡು ಮೂರು ತಿಂಗಳಲ್ಲಿ ವಾಪಸ್. ಎರಡೂ ಸೇರಿ ನಾಲ್ಕು ತಿಂಗಳ ಸಂಪಾದನೆ ನೀರುಪಾಲು. ತಪ್ಪು ನನ್ನದೂ ಇತ್ತು. ಹತ್ತು ವರ್ಷ ಚಿಮಟದಲ್ಲಿ ಕಿತ್ತು ಕಿತ್ತು ಬುಡಗಳೆಲ್ಲ ಸೊಟ್ಟಗಾಗಿದ್ದವು. ಸೂಜಿ ನೆಟ್ಟಗೆ ಇಳಿಯುತ್ತದೆ, ಶಾಖ ಅದರ ಸುತ್ತಲೇ ನಿಲ್ಲುತ್ತದೆ, ಬೇರು ಮಾತ್ರ ಪಕ್ಕಕ್ಕೆ ತಿರುಗಿ ಕೂತಿರುತ್ತದೆ. ಗಾಲ್ವಾನಿಕ್ ಕರೆಂಟ್ ಚರ್ಮದೊಳಗಿನ ಉಪ್ಪುನೀರಿನಿಂದ ಹುಟ್ಟಿಸುವ ಲೈ, ಅಂದರೆ ಬೇರನ್ನು ತಿನ್ನುವ ಕ್ಷಾರ, ಹಾಗಲ್ಲ. ದ್ರವ ತಾನೇ, ತಿರುವಿನೊಳಕ್ಕೂ ಹರಿಯುತ್ತದೆ. ಕರೆಂಟ್ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ತಿನ್ನುತ್ತಲೇ ಇರುತ್ತದೆ.

ನಾಬ್ ತಿರುಗಿಸುವ ಹಳೇ ಮಷೀನೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. ಮೊದಲು ಕಾಲಿನ ಮೇಲೆ ಕೈ ಪಳಗಿಸಿದೆ. ಒಂದು ದಿನ ವೈರ್ ಬಿಚ್ಚಿ ಹಾಕುವಾಗ ಸೂಜಿಗೆ ಮೈನಸ್ ಬದಲು ಪ್ಲಸ್ ಕೊಟ್ಟುಬಿಟ್ಟಿದ್ದೇನೆ. ನೊರೆಯೇ ಇಲ್ಲ, ಬರೀ ಉರಿ. ಸೂಜಿಯ ಕಬ್ಬಿಣ ಚರ್ಮಕ್ಕಿಳಿದು ಹಚ್ಚೆ ಹಾಕಿದ ಹಾಗೆ ಎರಡು ಕಪ್ಪು ಚುಕ್ಕೆ. ಈಗಲೂ ಇವೆ. ಅವತ್ತಿನಿಂದ ಮೈನಸ್ ವೈರಿಗೆ ಒಂದು ದಾರ ಕಟ್ಟಿದ್ದೇನೆ.

ಗದ್ದಕ್ಕೆ ಬಂದಾಗ ಇನ್ನೊಂದು ಪೇಚಾಟ. ಒಂದು ಕೈಯಲ್ಲಿ ಸೂಜಿ, ಇನ್ನೊಂದು ಚರ್ಮ ಎಳೆದು ಹಿಡಿಯೋಕೆ. ಕರೆಂಟಿನ ಸುತ್ತು ಪೂರ್ತಿಯಾಗೋಕೆ ಕೈಯಲ್ಲಿ ಹಿಡಿಯಬೇಕಾದ ಪ್ಲಸ್ ರಾಡ್ ಹಿಡಿಯುವವರು ಯಾರು? ರಾಡ್ ಬಿಟ್ಟು ಒದ್ದೆ ಪ್ಯಾಡನ್ನು ತೋಳಿಗೆ ಕಟ್ಟಿದೆ. ಬರೀ ನೀರಿನಲ್ಲಿ ನೆನೆಸಿದಾಗ ಮೀಟರಿನ ಮುಳ್ಳು ಕುಣಿಯುತ್ತಿತ್ತು. ನೀರಿಗೆ ಚಿಟಿಕೆ ಉಪ್ಪು ಹಾಕಿದೆ, ನಿಂತಿತು. ಚಿನ್ನದ ಲೇಪದ ಸೂಜಿಯನ್ನೂ ಒಂದು ಪ್ಯಾಕ್ ತರಿಸಿ ನೋಡಿದೆ. ಬೆಲೆ ಬಿಟ್ಟರೆ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ದಪ್ಪ ಕೂದಲಿಗೆ 0.4 ಮಿಲಿಆಂಪಿಯರ್, 20 ಸೆಕೆಂಡ್. 0.1 ಮಿಲಿಆಂಪಿಯರ್ ಒಂದು ಸೆಕೆಂಡ್ ಹರಿದರೆ ಒಂದು ಯೂನಿಟ್ ಲೈ, ಅಂದರೆ ಇಲ್ಲಿ 80 ಯೂನಿಟ್. ಹತ್ತನೇ ಸೆಕೆಂಡಿನ ಹೊತ್ತಿಗೆ ಕೂದಲ ಬಾಯಲ್ಲಿ ಬಿಳಿ ನೊರೆ ಸಣ್ಣಗೆ ಉಕ್ಕುತ್ತದೆ. ಆಗ ನಿಲ್ಲಿಸುವ ಆಸೆ ಬರುತ್ತದೆ, ನಿಲ್ಲಿಸಬಾರದು. ಮುಗಿದ ಮೇಲೆ ಚಿಮಟದಲ್ಲಿ ಸುಮ್ನೆ ಮುಟ್ಟಿದರೆ ಸಾಕು, ಎಣ್ಣೆಯಿಂದ ಎತ್ತಿದ ಹಾಗೆ ಜಾರಿ ಬರುತ್ತದೆ, ಬುಡದಲ್ಲಿ ಹೊಳೆಯುವ ಪೊರೆ ಸಮೇತ. ಚೂರು ತಡೆದರೂ ಕಿತ್ತ ಹಾಗೇ ಲೆಕ್ಕ. ಸೂಜಿ ಮತ್ತೆ ಇಳಿಸುತ್ತೇನೆ.

ಕಾಲಿನ ಮೇಲೆ ಇನ್ನೊಂದು ಪರೀಕ್ಷೆ ಮಾಡಿದ್ದೆ. ಎರಡು ಚೌಕ ಗುರುತು ಹಾಕಿ, ಒಂದನ್ನು ಮೂರು ದಿನ ಮೊದಲು ಶೇವ್ ಮಾಡಿ, ಮೇಲೆದ್ದ ಕೂದಲನ್ನಷ್ಟೇ ತೆಗೆದೆ. ಇನ್ನೊಂದರಲ್ಲಿ ಕಂಡದ್ದನ್ನೆಲ್ಲ ತೆಗೆದೆ. ಶೇವ್ ಮಾಡಿದ ಚೌಕದಲ್ಲಿ ವಾಪಸ್ ಬಂದದ್ದು ತುಂಬ ಕಮ್ಮಿ. ಬೆಳೆಯುತ್ತಿರುವ ಕೂದಲು ಮಾತ್ರ ಸಿಕ್ಕಿತ್ತಲ್ಲ, ಅದಕ್ಕೆ. ಗದ್ದಕ್ಕೂ ಅದನ್ನೇ ಮಾಡಿದೆ.

ದವಡೆಯ ಮೂಲೆಯಲ್ಲಿ ಸೂಜಿಯನ್ನು ಯಾವ ಕೋನದಲ್ಲಿ ಇಳಿಸುತ್ತೇನೆ ಅನ್ನೋದನ್ನು ಇಲ್ಲಿ ಹೇಳೋದಿಲ್ಲ. ಅದು ಗೊತ್ತಾಗೋಕೆ ನನಗೆ ಐದು ತಿಂಗಳು ಹಿಡಿದಿದೆ.

ವಾರಕ್ಕೊಂದು ಗಂಟೆಯಂತೆ ಶುರು, ಕೊನೆಕೊನೆಗೆ 15 ನಿಮಿಷ. ಒಟ್ಟು 45 ಗಂಟೆ ಆಗಿರಬೇಕು. ಮಷೀನು, ಸೂಜಿ ಎಲ್ಲ ಸೇರಿ ಲೇಸರಿಗೆ ಸುರಿದದ್ದರ ಕಾಲು ಭಾಗವೂ ಆಗಲಿಲ್ಲ. ಈಗ ಮೇಲ್ತುಟಿಗೆ ಕೈ ಹಾಕಿದ್ದೇನೆ. ಅಲ್ಲಿ 80 ಜಾಸ್ತಿಯಾಯಿತು, ಸಣ್ಣ ಹೊಪ್ಪಳೆ ಕಟ್ಟಿತು. 40ಕ್ಕೆ ಇಳಿಸಿದ್ದೇನೆ. ಸೀನು ಮಾತ್ರ ನಿಲ್ಲುತ್ತಿಲ್ಲ.